ಗಂಡ ಮನೆಗೆ ಬರುವ ದೃಶ್ಯ

ಸಿನಿಮಾ ಮಂದಿಯ ನಡುವೆ ಅವರಿಗೆ ಬೆನ್ನು ಮಾಸ್ತರು ಎಂದೇ ಹೆಸರು. ಹಾಗೆಂದು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಿಡುಗಡೆಗೆ ಮೊದಲು ಹೊಸ ಸಿನಿಮಾವನ್ನು ಬೀದಿಯಲ್ಲಿ ಸಿಕ್ಕ ಜನರನ್ನು ಕರೆತಂದು ಪುಕ್ಕಟೆ ತೋರಿಸಿ ನೋಡುತ್ತಾರಲ್ಲ, ಆಗ ಪರದೆಯ ಕೆಳಗೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು, ಸಿನಿಮಾಕ್ಕೆ ಬೆನ್ನು ಮಾಡಿ, ಜನರ ಮುಖ ನೋಡುತ್ತ ಕೂರುವುದು ಅವರ ಕೆಲಸ. ಎಲ್ಲಿ ಉಸಿರು ಹಿಡಿದರು, ಎಲ್ಲಿ ಆಕಳಿಸಿದರು, ಎಲ್ಲಿ ಪಾಪ್‌ಕಾರ್ನ್ ಹಿಡಿದ ಕೈ ಬಾಯಿಯ ಹತ್ತಿರ ಬಂದು ನಿಂತೇಬಿಟ್ಟಿತು, ಇದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ನಿರ್ಮಾಪಕರಿಗೆ ವರದಿ ಒಪ್ಪಿಸಬೇಕು. ಮಾಸ್ತರು ಇರಲಿ ಎಂದದ್ದು ಇರುತ್ತದೆ, ಬೇಡ ಎಂದದ್ದು ಕತ್ತರಿಯ ಪಾಲಾಗುತ್ತದೆ.

ಥ್ರಿಲ್ಲರ್ ಆದರಂತೂ ಬೆನ್ನು ಮಾಸ್ತರೇ ಬೇಕು ಎಂದು ನಿರ್ಮಾಪಕರು ಪಟ್ಟು ಹಿಡಿಯುತ್ತಿದ್ದರು. ತಮಾಷೆ ಎಂದರೆ, ಇಷ್ಟು ವರ್ಷದಲ್ಲಿ ಅವರು ಒಂದು ಥ್ರಿಲ್ಲರನ್ನೂ ನೆಟ್ಟಗೆ ನೋಡಿದವರಲ್ಲ. ಮೊದಲು ಕಥೆ ಕೇಳಬಾರದು, ಆಮೇಲೂ ಸಿನಿಮಾ ನೋಡಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ನೋಡಿದರೆ ಕಣ್ಣು ಕೆಡುತ್ತದಂತೆ. ಆದರೂ ಆ ಜಾತಿಯ ಸಿನಿಮಾದ ಗುಟ್ಟೆಲ್ಲ ಅವರಿಗೆ ಕರತಲಾಮಲಕ. ಶುರುವಿನಲ್ಲೇ ಒಂದು ಹೆಣ ಬೀಳಬೇಕು, ಇಲ್ಲವೇ ಬೀಳುವ ಲಕ್ಷಣ ಕಾಣಬೇಕು. ಪಕ್ಕದ ಮನೆಯವನು ಅತಿ ಒಳ್ಳೆಯವನಾಗಿ ನಕ್ಕು ಜನರಿಗೆ ಅನುಮಾನ ಹುಟ್ಟಿಸಬೇಕು, ಆಮೇಲೆ ಅವನೇ ಸಾಯಬೇಕು. ಪ್ರಾಣ ಹೋಗುವ ಹೊತ್ತಿಗೆ ಫೋನಿನ ಬ್ಯಾಟರಿ ಸತ್ತಿರಬೇಕು. ಇನ್ನೇನು ರಿಟೈರ್ ಆಗಲಿರುವ ಪೊಲೀಸಿನವನಿಗೆ ಗುಂಡು ಬೀಳಲೇಬೇಕು. ಇದೆಲ್ಲ ಜನರಿಗೂ ಗೊತ್ತು. ಗೊತ್ತಿರುವುದು ಯಾವಾಗ ಬರುತ್ತದೆ ಎಂದು ಕಾಯುವುದರಲ್ಲೇ ಅವರಿಗೆ ರುಚಿ. ಮೆತ್ತನೆ ಕುರ್ಚಿಯಲ್ಲಿ, ಪಕ್ಕದವರ ಕೈ ಹಿಡಿದುಕೊಂಡು, ಮೈಗೆ ಏಟು ತಗಲದ ಹಾಗೆ ಹೆದರುವುದಕ್ಕೇ ಅವರು ಬರುತ್ತಾರೆ ಎಂದು ಮಾಸ್ತರು ಹೇಳುತ್ತಿದ್ದರು.

ಇವುಗಳಲ್ಲಿ ಒಂದು ನಿಯಮ ಮಾತ್ರ ಪೂರಾ ಅವರ ಸ್ವಂತದ್ದು. ಗಂಡಸು ಮನೆಗೆ ಬರುವುದನ್ನು ಬಾಗಿಲಲ್ಲಿ ತೋರಿಸಬಾರದು. ಬೀಗಕ್ಕೆ ಕೀ ಹಾಕುವುದು, ಬಾಗಿಲು ತೆರೆಯುವುದು, ಚಪ್ಪಲಿ ಬಿಡುವುದು ಇತ್ಯಾದಿ ಶುರುವಾದರೆ ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಡುತ್ತವೆ. ಕುರ್ಚಿ ಮಾತಾಡಿತು ಎಂದರೆ ಜನ ಬೇಸತ್ತರು ಎಂದು ಅರ್ಥ. ಆದ್ದರಿಂದ ಬಾಗಿಲನ್ನು ಕತ್ತರಿಸಿ ಅವನನ್ನು ಸೀದಾ ಸೋಫಾದ ಮೇಲೆ ತಂದು ಕೂರಿಸಬೇಕು. ಕಥೆ ಬರೆಯುವವರು ಇದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಸಿನಿಮಾ ಕಲಿಸುವ ಕಡೆ ಹುಡುಗ ಹುಡುಗಿಯರಿಗೆ ಇದನ್ನೇ ಹೇಳಿಕೊಡುತ್ತಾರೆಂದು ಯಾರೋ ಹೇಳಿದಾಗ ಮಾಸ್ತರು ಒಳಗೊಳಗೇ ಹಿಗ್ಗಿದ್ದೂ ಉಂಟು.

ಈಗ ಆ ಹಿಗ್ಗೂ ಇಳಿದಿತ್ತು. ಸ್ಟೂಲಿನ ಮೇಲೆ ಕೂತು ಕೂತು ಮಂಡಿ ಹಿಡಿದುಕೊಂಡಿತ್ತು, ಕತ್ತಲಲ್ಲಿ ಮುಖ ಹುಡುಕಿ ಹುಡುಕಿ ಕಣ್ಣು ಸೋತಿತ್ತು. ಹೆದರಿದವರ ಮುಖಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಮನೆಗೆ ಬಂದು ಕಾಲು ಚಾಚಿದರೆ, ಹೊಲಿಗೆ ಅಂಗಡಿಯಿಂದ ಹಿಂದಿರುಗುವ ಹೆಂಡತಿ ಬೆಲ್ ಒತ್ತುತ್ತಿದ್ದಳು. ಅವಳ ಚೀಲದಲ್ಲಿ ಕೀ ಇರುತ್ತಿತ್ತು. ಇದ್ದೂ ಬೆಲ್ ಒತ್ತುವಳು. "ಕೀ ಇಟ್ಕೊಂಡು ಗಂಡನ್ನ ಎಬ್ಬಿಸ್ತೀಯಲ್ಲ, ನಿನ್ನಂಥ ಮಹಾತಾಯಿನ ಎಲ್ಲೂ ನೋಡಿಲ್ಲ" ಎಂದು ಗೊಣಗುತ್ತ ಮಾಸ್ತರು ಮಂಡಿ ಹಿಡಿದುಕೊಂಡು ಎದ್ದು ಬಾಗಿಲು ತೆಗೆಯುತ್ತಿದ್ದರು. ಅವಳು "ಚೀಲದ ತಳದಲ್ಲಿ ಸೇರ್ಕೊಂಡಿತ್ತು, ಯಾರು ಹುಡುಕ್ತಾರೆ" ಎಂದು ಒಳಗೆ ಹೋಗುವಳು. ಮದುವೆಯಾದಾಗಿನಿಂದ ಇದೇ ರಾಮಾಯಣ.

ಹೀಗಿರುವಾಗ ತಂಗಿಯ ಸಿನಿಮಾ ಬಂತು.

ತಂಗಿ ಎಂದರೆ ಒಡಹುಟ್ಟಿದವಳು, ಅವರಿಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅರ್ಧ ಆಯುಷ್ಯವನ್ನು ಬೇರೆಯವರ ಸಿನಿಮಾಗಳಲ್ಲಿ ಸಹಾಯಕಿಯಾಗಿ ಸವೆಸಿ, ತಲೆಗೂದಲು ನೆರೆತ ಮೇಲೆ ತನ್ನದೇ ಒಂದು ಥ್ರಿಲ್ಲರ್ ಮಾಡುವ ಅವಕಾಶ ಪಡೆದಿದ್ದಳು. ಇದು ಬಿದ್ದರೆ ಇನ್ನೊಂದು ಸಿಗುವ ವಯಸ್ಸಲ್ಲ ಎಂದು ಅವಳಿಗೂ ಗೊತ್ತಿತ್ತು. ನಿರ್ಮಾಪಕ ಒಳ್ಳೆಯವನೇ, ಆದರೆ ಸಿನಿಮಾದ ನಡುವೆ ಒಂದು ದೃಶ್ಯ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಿರಿ ಎಂದರೆ, ಆ ದೃಶ್ಯಕ್ಕೋಸ್ಕರವೇ ಸಿನಿಮಾ ಮಾಡಿದ್ದು ಎಂದು ಇವಳು ಜಗ್ಗಲಿಲ್ಲ. ಕೊನೆಗೆ ಇಬ್ಬರೂ ಬೆನ್ನು ಮಾಸ್ತರು ಹೇಳಿದ ಹಾಗೆ ಎಂದು ಒಪ್ಪಿಕೊಂಡರು.

"ತಂಗಿ ಅಂತ ಮುಲಾಜು ನೋಡ್ಬೇಡಿ ಮಾಸ್ತರೇ" ಎಂದ ನಿರ್ಮಾಪಕ.

"ಕತ್ತಲಲ್ಲಿ ನನಗೆ ತಂಗೀನೂ ಇಲ್ಲ, ತಮ್ಮನೂ ಇಲ್ಲ ಸಾರ್" ಎಂದರು ಮಾಸ್ತರು.

ಬೆಳಗಿನ ಆಟ. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸುಗಳು, ಕಾಲೇಜಿಗೆ ಚಕ್ಕರ್ ಹೊಡೆದವರು, ಬೇರೆ ಕೆಲಸವಿಲ್ಲದ ಮುದುಕರು ಬಂದು ಕೂತರು. ಐದನೇ ಸಾಲಿನಲ್ಲಿ ಹಸಿರು ಸ್ವೆಟರಿನ ಹೆಂಗಸೊಬ್ಬಳಿದ್ದಳು, ಅವಳ ಪಕ್ಕ ಟೋಪಿ ಹಾಕಿದ ಮುದುಕ. ಮಾಸ್ತರು ಅವರಿಬ್ಬರನ್ನು ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಂಡರು. ಸಿನಿಮಾ ಶುರುವಾಗಿ ಸ್ವಲ್ಪದರಲ್ಲೇ ಸ್ವೆಟರಿನವಳು ತೋಳನ್ನು ಕಚ್ಚಿಕೊಂಡಳು. ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಪಾಪ್‌ಕಾರ್ನಿನ ಕೈಗಳು ನಿಂತವು. ಪರವಾಗಿಲ್ಲವೇ ನನ್ನ ತಂಗಿ ಎಂದುಕೊಂಡರು ಮಾಸ್ತರು.

ಅಷ್ಟರಲ್ಲಿ ಬೆನ್ನ ಹಿಂದಿನ ಸಿನಿಮಾದಲ್ಲಿ ಮಾತು ನಿಂತಿತು. ಎಲ್ಲೋ ಒಂದು ರೇಡಿಯೊ ಹಾಡುತ್ತಿತ್ತು. ಯಾರೋ ಅದರ ದನಿ ತಗ್ಗಿಸಿದರು. ಆಮೇಲೆ ಬೀಗದ ತೂತಿಗೆ ಕೀ ತಗಲುವ ಸದ್ದು. ಆ ಸದ್ದು ಪರದೆಯ ಕಡೆಯಿಂದ ಬರಲಿಲ್ಲ. ತಂಗಿ ಅದನ್ನು ಸಭಾಂಗಣದ ಹಿಂದಿನ ಸ್ಪೀಕರಿಗೆ ಹಾಕಿಸಿದ್ದಳು. ಹಾಗಾಗಿ ಅದು ಮಾಸ್ತರ ಎದುರಿಗೆ, ಜನರ ಬೆನ್ನ ಹಿಂದಿದ್ದ ನಿಜವಾದ ಬಾಗಿಲಿನಿಂದಲೇ ಬಂದಂತಿತ್ತು. ಕೀ ತೂತು ಸಿಗದೆ ಕೆರೆಯಿತು. ಮತ್ತೆ ಕೆರೆಯಿತು. ಕುರ್ಚಿಗಳು ಕಿರುಗುಟ್ಟಿದವು, ಒಂದಲ್ಲ ಎರಡಲ್ಲ, ಸಾಲು ಸಾಲೇ.

ಆಟ ಮುಗಿದ ಮೇಲೆ ಹೊರಗಿನ ಪಡಸಾಲೆಯಲ್ಲಿ ನಿರ್ಮಾಪಕ ಕಾಯುತ್ತಿದ್ದ. ಮಾಸ್ತರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳಿದರು: "ಪಿಕ್ಚರ್ ಚೆನ್ನಾಗಿದೆ ಸಾರ್. ಆ ಕೀ, ಬಾಗಿಲು ಇರೋ ಕಡೆ ಬಿದ್ದುಹೋಗಿದೆ. ಕುರ್ಚಿ ಮಾತಾಡಿತು."

"ನಾನು ಹೇಳ್ಲಿಲ್ವಾ?" ಎಂದು ನಿರ್ಮಾಪಕ ತಂಗಿಯ ಕಡೆ ತಿರುಗಿದ. "ನಾಳೆ ಇನ್ನೊಂದು ತಂಡ ಬರುತ್ತೆ. ಅಷ್ಟರೊಳಗೆ ಅದನ್ನ ತೆಗೆದುಬಿಡಿ." ತಂಗಿ ಅಣ್ಣನ ತೋಳು ಹಿಡಿದು ಮೂಲೆಯ ಚಹಾದಂಗಡಿಗೆ ಎಳೆದುಕೊಂಡು ಹೋದಳು.

ಅಲ್ಲಿ ಅಲುಗಾಡುವ ಮೇಜಿನ ಮುಂದೆ ಇಬ್ಬರೂ ಕೂತರು. ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನಿದ್ದೆ ಕಂಡು ಎಷ್ಟು ದಿನವಾಯಿತೋ ಪಾಪ ಎಂದು ಮಾಸ್ತರಿಗೆ ಸಂಕಟವಾಯಿತು. ಸಂಕಟವಾದಾಗ ಅವರು ಉಪದೇಶ ಮಾಡುತ್ತಿದ್ದರು, ಈಗಲೂ ಅದನ್ನೇ ಮಾಡಿದರು.

"ನೋಡಮ್ಮ, ಗಂಡನೇ ಕೊಲೆಗಾರ ಅಂತ ಮೊದಲೇ ಹೇಳಿಬಿಟ್ಟಿದ್ದೀಯ. ಅಲ್ಲಿಗೆ ಗುಟ್ಟು ಹೋಯ್ತು. ಗುಟ್ಟಿಲ್ಲದ ಮೇಲೆ ಕೀ ಕೆರೆದರೇನು, ಬಿಟ್ಟರೇನು? ಅವನು ಒಳಗೆ ಬಂದು ಏನು ಮಾಡ್ತಾನೆ?"

"ಏನೂ ಮಾಡಲ್ಲ. ಮಗೂಗೆ ಶೂ ತಂದಿರ್ತಾನೆ. ನಗ್ತಾನೆ."

"ಮತ್ತೆ? ಹಾವು ತೋರಿಸಿ ಕಚ್ಚಿಸದೆ ಕಳಿಸಿದ್ರೆ ಜನ ಸುಮ್ನಿರ್ತಾರಾ?"

"ಜನ ಏನು ಮಾಡಿದ್ರು ಅಂತ ನೀನು ಹೇಳು ಅಣ್ಣ. ಅದಕ್ಕೇ ಅಲ್ವಾ ನಿನ್ನ ಕೂರಿಸಿದ್ದು? ಹಸಿರು ಸ್ವೆಟರ್ ಒಬ್ಬಳಿದ್ದಳಲ್ಲ, ಹೆಣ ಸಿಕ್ಕಾಗ ಏನು ಮಾಡಿದ್ಲು?"

"ತೋಳು ಕಚ್ಕೊಂಡ್ಲು. ಪಕ್ಕದ ಮುದುಕ ಟೋಪಿ ತೆಗ್ದ."

"ಪೊಲೀಸ್ ಬಂದಾಗ?"

"ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗಿದ್ಲು."

"ಕೀ ಸದ್ದಾದಾಗ?"

ಮಾಸ್ತರು ಬಾಯಿ ತೆರೆದರು. ಹಸಿರು ಸ್ವೆಟರು, ಟೋಪಿ, ಯಾವುದೂ ಕಣ್ಣಿಗೆ ಬರಲೊಲ್ಲದು. ಕುರ್ಚಿಗಳ ಸದ್ದು ಮಾತ್ರ ಕಿವಿಯಲ್ಲಿತ್ತು. "ಕುರ್ಚಿ..." ಎಂದರು.

"ಕುರ್ಚಿ ಬಿಡು. ಮುಖ ಹೇಳು." ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನಾನು ಕೊನೇ ಸಾಲಲ್ಲಿ ಕೂತಿದ್ದೆ ಅಣ್ಣ. ಜನರ ಬೆನ್ನು ಕಾಣ್ತಿತ್ತು. ನಿನ್ನ ಮುಖಾನೂ ಕಾಣ್ತಿತ್ತು. ನೀನು ಕಣ್ಣು ಮುಚ್ಕೊಂಡಿದ್ದೆ."

"ಹುಚ್ಚಿ! ಇಷ್ಟು ವರ್ಷದಲ್ಲಿ ನಾನು ಕಣ್ಣು ಮಿಟುಕಿಸಿಲ್ಲ."

"ನಾನು ದುಡಿದ ಪಿಕ್ಚರ್‌ಗಳಲ್ಲಿ ನೀನು ಎಷ್ಟು ಬಾಗಿಲು ತೆಗೆಸಿದ್ದೀಯ, ಗೊತ್ತಾ ನಿನಗೆ? ಪ್ರತಿ ಸಲ ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಈಗ ನನ್ನದೇ ಪಿಕ್ಚರ್. ಅಪ್ಪನ ಕೀ ಅಣ್ಣ ಅದು. ನಿನಗೆ ಗೊತ್ತಾಗ್ಲಿಲ್ವಾ?"

ಚಹಾ ಆರಿಹೋಯಿತು. ಮಾಸ್ತರು ಬಸ್ಸು ಹತ್ತಿದರು.

ಅಪ್ಪನ ಕೀ. ಆ ಹೊಗೆಹಿಡಿದ ಎರಡು ಕೋಣೆಯ ಮನೆಯಲ್ಲಿ ಸಂಜೆಯ ಹವಾಮಾನವನ್ನು ಆ ಕೀ ಹೇಳುತ್ತಿತ್ತು. ಒಂದೇ ಸಲಕ್ಕೆ ತೂತಿಗೆ ಇಳಿದರೆ ಅಪ್ಪನ ಮನಸ್ಸು ನೆಟ್ಟಗಿದೆ, ಊಟ ಸಿಗುತ್ತದೆ, ನಗುವೂ ಸಿಗಬಹುದು. ತೂತು ಸಿಗದೆ ಕೆರೆಯತೊಡಗಿದರೆ ಕೆಲಸದ ಕಡೆ ಯಾರೋ ಏನೋ ಅಂದಿದ್ದಾರೆ, ಅದರ ಬಾಕಿ ಇಲ್ಲಿ ತೀರಬೇಕು. ಅಮ್ಮ ರೇಡಿಯೊ ತಗ್ಗಿಸಿ, ಚಪ್ಪಲಿಗಳನ್ನು ಜೋಡಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು. ಇವರಿಬ್ಬರು ಮೇಜಿನ ಕೆಳಗೆ ಸೇರಿ, ಹೊರಗೆ ಕಾಣದಂತೆ ಕಾಲು ಎಳೆದುಕೊಂಡು ಕೂರುತ್ತಿದ್ದರು. ಅಪ್ಪ ಸತ್ತು ಕಾಲವೇ ಆಗಿತ್ತು. ಅದನ್ನೆಲ್ಲ ಮರೆತೆ ಎಂದೇ ಮಾಸ್ತರು ತಿಳಿದಿದ್ದರು. ತಂಗಿ ಸುಮ್ಮನೆ ಸಿಟ್ಟಿಗೆ ಹೇಳಿರಬೇಕು, ನಾನೆಲ್ಲಿ ಕಣ್ಣು ಮುಚ್ಚಿದೆ ಎಂದು ಬಸ್ಸಿನುದ್ದಕ್ಕೂ ವಾದ ಹೂಡಿದರು. ಹಸಿರು ಸ್ವೆಟರು ಮಾತ್ರ ಕಣ್ಣಿಗೆ ಬರಲಿಲ್ಲ.

ಸಂಜೆ ಬೆಲ್ ಆಯಿತು. ಬಾಗಿಲು ತೆಗೆದು, ಎಂದಿನ ಗೊಣಗಾಟ ಬಿಟ್ಟು, ಹೆಂಡತಿಯನ್ನು ಕೇಳಿದರು: "ನಿಜ ಹೇಳು. ಕೀ ಇದ್ದೂ ಯಾಕೆ ಬೆಲ್ ಒತ್ತುತ್ತೀಯ?"

"ಚೀಲದ ತಳದಲ್ಲಿ..."

"ಚೀಲದ ಕಥೆ ಬೇಡ."

ಅವಳು ಚೀಲ ಕೆಳಗಿಟ್ಟು, ಗಂಡನ ಮುಖ ನೋಡಿ, ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಅರ್ಥ ಮಾಡಿಕೊಂಡಳು. "ಮದುವೆಯಾದ ಹೊಸದರಲ್ಲಿ ಒಂದು ಸಲ ಕೀ ಹಾಕ್ಕೊಂಡೇ ಬಂದೆ. ಬೀಗ ಆಗ ಬಿಗಿ ಇತ್ತು, ಸ್ವಲ್ಪ ಒದ್ದಾಡಿದೆ. ಒಳಗೆ ಬಂದ್ರೆ ನೀವು ಮೇಜಿನ ಕೆಳಗೆ ಕೂತಿದ್ರಿ."

"ನಾನಾ?"

"ಪೆನ್ನು ಬಿತ್ತು, ಹುಡುಕ್ತಿದ್ದೆ ಅಂದ್ರಿ. ಪೆನ್ನು ಜೇಬಲ್ಲೇ ಇತ್ತು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಾನೇನೂ ಕೇಳ್ಲಿಲ್ಲ. ಮಾರನೇ ದಿನದಿಂದ ಬೆಲ್ ಒತ್ತಿದೆ, ಅಷ್ಟೇ." ಇಷ್ಟು ಹೇಳಿ ಅವಳು ಅನ್ನಕ್ಕಿಡಲು ಒಳಗೆ ಹೋದಳು. ಮಾಸ್ತರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಇಷ್ಟು ವರ್ಷ ಈ ಹೆಂಗಸನ್ನು ಮಹಾತಾಯಿ ಎಂದು ಹಂಗಿಸಿದ್ದನ್ನು ನೆನೆದು ಅಲ್ಲೇ ಗೋಡೆಗೆ ಒರಗಿ ನಿಂತರು. ಆಮೇಲೆ ನಿರ್ಮಾಪಕನಿಗೆ ಫೋನ್ ಮಾಡಿ, ನಾಳೆಯೂ ಆ ದೃಶ್ಯ ಇಟ್ಟೇ ತೋರಿಸಿ, ಇನ್ನೊಂದು ಸಲ ನೋಡಬೇಕು ಎಂದು ಕೇಳಿಕೊಂಡರು. ಅವರು ಯಾವತ್ತೂ ಎರಡನೇ ಸಲ ಕೇಳಿದವರಲ್ಲ. ನಿರ್ಮಾಪಕ ಬೆರಗಿನಿಂದಲೇ ಹೂಂ ಎಂದ.

ಮರುದಿನ ಬೇರೆ ಜನ, ಅದೇ ಸ್ಟೂಲು. ರೇಡಿಯೊ ಹಾಡತೊಡಗಿದಾಗ ಮಾಸ್ತರು ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದರು. ದನಿ ತಗ್ಗಿತು. ಎದುರಿನ ಕತ್ತಲ ಬಾಗಿಲಿನಿಂದ ಕೀ ಕೆರೆಯಿತು. ರೆಪ್ಪೆಗಳು ತಾವಾಗಿ ಇಳಿದವು. ಹಾಳು ರೆಪ್ಪೆ ಎಂದು ಹಲ್ಲು ಕಚ್ಚಿ ಅವನ್ನು ಮೇಲೆತ್ತಿದರು. ಮತ್ತೆ ಇಳಿದವು, ಮತ್ತೆ ಎತ್ತಿದರು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

ಆಗ ಕಂಡರು ಜನ. ಒಬ್ಬನೂ ಬೇಸತ್ತಿರಲಿಲ್ಲ. ಮೂರನೇ ಸಾಲಿನ ದಢೂತಿ ಮನುಷ್ಯ, ಮಕ್ಕಳ ಹಾಗೆ, ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಿದ್ದ. ಅವನ ಪಕ್ಕದವಳೂ ಎಳೆದುಕೊಂಡಿದ್ದಳು. ಆಚೆ ಈಚೆಯ ಸಾಲುಗಳಲ್ಲಿ ಅರ್ಧಕ್ಕರ್ಧ ಜನ ಕಾಲೆತ್ತಿ ಕೂತಿದ್ದರು. ಉಳಿದವರು ಕತ್ತು ತಿರುಗಿಸಿ ಹಿಂದಿನ ಬಾಗಿಲು ನೋಡುತ್ತಿದ್ದರು. ಕುರ್ಚಿ ಕಿರುಗುಟ್ಟಿದ್ದು ಅದಕ್ಕೆ. ಇಷ್ಟೊಂದು ಮನೆಗಳಲ್ಲಿ ಈ ಕೀ ಇತ್ತೇ ಎಂದು ಮಾಸ್ತರಿಗೆ ಅಳು ಬಂತು. ಕೊನೆಯ ಸಾಲಿನಲ್ಲಿ ತಂಗಿ, ಆ ಸದ್ದನ್ನು ತಾನೇ ಕೂತು ಮಾಡಿಸಿದವಳು, ಅವಳೂ ಕಾಲೆತ್ತಿಕೊಂಡಿದ್ದಳು.

ಪಡಸಾಲೆಯಲ್ಲಿ ಮಾಸ್ತರು ಸುತ್ತು ಬಳಸಲಿಲ್ಲ. "ಆ ದೃಶ್ಯ ಇರಲಿ ಸಾರ್. ಇಡೀ ಪಿಕ್ಚರ್‌ನಲ್ಲಿ ಜನ ನಿಜವಾಗ್ಲೂ ಹೆದರೋದು ಅಲ್ಲೊಂದೇ ಕಡೆ. ಉಳಿದಿದ್ದೆಲ್ಲ ಆಟ. ನಿನ್ನೆ ನಾನು ತಪ್ಪು ಹೇಳಿದೆ. ಕಣ್ಣು ಮುಚ್ಚಿದ್ದೆ."

ನಿರ್ಮಾಪಕ ಅವರ ಮುಖ ನೋಡಿದ. ಸಿಟ್ಟಿರಲಿಲ್ಲ, ಲೆಕ್ಕ ಹಾಕುತ್ತಿದ್ದ. "ಗಂಡ ಮನೆಗೆ ಬರೋ ದೃಶ್ಯ ಓಡಲ್ಲ ಅಂತ ಹೇಳ್ತಿದ್ರಲ್ಲ ಮಾಸ್ತರೇ... ನಾವೆಲ್ಲ ಅದನ್ನೇ ನಂಬ್ಕೊಂಡು ಬಂದ್ವಿ. ಆವಾಗೆಲ್ಲ?"

"ಆವಾಗೆಲ್ಲ ಮುಚ್ಚಿರಬೇಕು ಸಾರ್."

"ಪ್ರತಿ ಸಲ?"

ಮಾಸ್ತರು ಹೌದೆಂದು ತಲೆಯಾಡಿಸಿದರು. ಯಾರು ಯಾರೋ ಬರೆದ, ಯಾರು ಯಾರೋ ನಟಿಸಿದ ಬಾಗಿಲುಗಳು ಒಂದೊಂದಾಗಿ ನೆನಪಾದವು. ಒಬ್ಬ ಹಳೆಯ ನಟ ಚಪ್ಪಲಿ ಬಿಡುವ ಒಂದೇ ದೃಶ್ಯವಿತ್ತು, ಅದನ್ನೂ ತೆಗೆಸಿದ್ದರು. ಒಬ್ಬ ಹುಡುಗನ ಹೆದರಿಕೆಯನ್ನು ಊರಿಗೆಲ್ಲ ನಿಯಮ ಮಾಡಿ ಹಂಚಿಬಿಟ್ಟೆನಲ್ಲ ಎಂದು ಅನ್ನಿಸಿ ಅವರ ತಲೆ ಮೇಲೇಳಲಿಲ್ಲ.

"ದೃಶ್ಯ ಇರುತ್ತೆ" ಎಂದ ನಿರ್ಮಾಪಕ. ಆಮೇಲೆ ಮೆತ್ತಗೆ, "ಇನ್ನು ಮುಂದೆ ಬೇರೆಯವರನ್ನ ಕೂರಿಸ್ತೀವಿ ಮಾಸ್ತರೇ. ಬೇಜಾರು ಮಾಡ್ಕೋಬೇಡಿ" ಎಂದ.

ಬೇಜಾರಾಗದೆ ಇರುತ್ತದೆಯೇ? ಆಯಿತು. ಜೊತೆಗೆ ಭಾರವೊಂದು ಇಳಿದಂತೆಯೂ ಆಯಿತು. ತಂಗಿ ಮೆಟ್ಟಿಲ ತನಕ ಬಂದು, ಅಣ್ಣನ ಕೈ ಹಿಡಿದುಕೊಂಡು, "ನಿನ್ನ ಕೆಲಸ ತಿಂದುಬಿಟ್ಟೆ" ಎಂದು ಅತ್ತಳು. "ಸಾಕಾಗಿತ್ತು ಮಾರಾಯ್ತಿ" ಎಂದರು ಮಾಸ್ತರು. ಅದು ನಿಜವೂ ಆಗಿತ್ತು.

ಮನೆಗೆ ಬಂದವರೇ ಹೆಂಡತಿಗೆ ಫೋನ್ ಮಾಡಿದರು. "ಇವತ್ತು ಬೆಲ್ ಒತ್ತಬೇಡ. ಕೀ ಹಾಕ್ಕೊಂಡು ಬಾ."

"ಯಾಕ್ರೀ?"

"ಬಾ ಅಂದ್ರೆ ಬಾ."

ಕುರ್ಚಿಯೊಂದನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತರು. ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೆಜ್ಜೆ ಬಾಗಿಲ ಹೊರಗೆ ನಿಂತಿತು, ತಡವಾಗಿ ಕೀ ತಗಲಿತು. ವರ್ಷಗಟ್ಟಲೆ ಹಾಕಿರದ ಕೀ, ಅಭ್ಯಾಸ ತಪ್ಪಿದ ಕೈ. ಕೆರೆಯಿತು. ಮಾಸ್ತರ ಕಾಲು ಮೇಲೇಳಲು ಹವಣಿಸಿತು. ಅವರು ಎರಡೂ ಕೈಯಿಂದ ಮಂಡಿಗಳನ್ನು ಒತ್ತಿ ಹಿಡಿದುಕೊಂಡರು.

"ನಾನು ಕಣ್ರೀ" ಎಂದಳು ಅವಳು ಹೊರಗಿನಿಂದ. ಮತ್ತೆ ಕೆರೆಯಿತು. "ನಾನೇ. ಹೆದರ್ಬೇಡಿ. ಈ ಹಾಳು ಕೀ... ನಾನೇ ಬರ್ತಿರೋದು."

ಬಾಗಿಲು ತೆರೆಯಿತು. ತೋಳಿನಲ್ಲಿ ಚೀಲ, ಬಟ್ಟೆಯ ಮೇಲೆ ಅಲ್ಲಲ್ಲಿ ದಾರದ ಎಳೆ, ಕೂತು ಹೊಲಿದು ಬಾಡಿದ ಮುಖ. ಅವಳು ಒಳಗೆ ಕಾಲಿಡುವ ಮೊದಲು ಮೇಜಿನ ಕೆಳಗೆ ನೋಡಿದಳು, ಆಮೇಲೆ ಕುರ್ಚಿಯಲ್ಲಿದ್ದ ಗಂಡನನ್ನು ನೋಡಿದಳು. ಸಾವಿರಾರು ಜನರ ಮುಖ ನೋಡಿದವರು ಮನೆಗೆ ಬರುವ ಈ ಒಂದು ಮುಖವನ್ನು ಅವತ್ತು ಮೊದಲ ಸಲ ನೋಡಿದರು. ಅವಳಿಗೂ ಭಯವಾಗಿತ್ತು.

"ಏನು ಹಾಗೆ ನೋಡ್ತಿದ್ದೀರಿ?" ಎಂದಳು.

"ಏನಿಲ್ಲ. ಬಾ" ಎಂದು ಮಾಸ್ತರು ಎದ್ದು ಅವಳ ಕೈಯ ಚೀಲ ತೆಗೆದುಕೊಂಡರು.